ಆನ್‌ಲೈನ್ ಅಂಗಡಿಗೆ ಮುಂಗಡ ಕೊಡುವ ಸೇವೆ: ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ವೇಗಕ್ಕೆ ಪೂರ್ತಿ ಅಂಕ. ಲೆಕ್ಕವನ್ನು ಬಿಡಿಸಿ ಹೇಳುವ ವಿಷಯದಲ್ಲಿ ಸೊನ್ನೆ.

ನಾನು ಹೇಳುತ್ತಿರುವುದು ಮಾರಾಟದ ಮೇಲೆ ಕೊಡುವ ಮುಂಗಡದ ಬಗ್ಗೆ, ಅಂದರೆ ಈಗ ಒಟ್ಟಿಗೆ ಹಣ ಕೊಟ್ಟು ಮುಂದಿನ ಮಾರಾಟದಲ್ಲಿ ಪಾಲು ಹಿಡಿದುಕೊಂಡು ವಾಪಸ್ ಪಡೆಯುವುದು. ಅಮೆಜಾನ್ 2011ರಲ್ಲೇ ತನ್ನ ಮಾರಾಟಗಾರರಿಗೆ ಸಾಲ ಕೊಡಲು ಶುರು ಮಾಡಿತು. 2013ರಲ್ಲಿ ಆನ್‌ಲೈನ್ ಹಣ ಪಾವತಿಯ ಪೇಪಾಲ್, 2016ರಲ್ಲಿ ಆನ್‌ಲೈನ್ ಅಂಗಡಿ ತೆರೆಯಲು ಜಾಗ ಕೊಡುವ ಶಾಪಿಫೈ, 2019ರಲ್ಲಿ ಹಣ ಪಾವತಿಯದೇ ಇನ್ನೊಂದು ಕಂಪನಿ ಸ್ಟ್ರೈಪ್ ಕೂಡ ಈ ಥರದ ಸೇವೆಗೆ ಇಳಿದವು. ಇದನ್ನೇ ಕಸುಬು ಮಾಡಿಕೊಂಡ ಬೇರೆ ಕಂಪನಿಗಳೂ ಈಗ ಸಾಕಷ್ಟಿವೆ. ನಾನು ತಗೊಂಡಿದ್ದು ಯಾರ ಹತ್ತಿರ ಅಂತ ಹೇಳುವುದಿಲ್ಲ, ಯಾಕೆಂದರೆ ನನ್ನ ತಕರಾರು ಒಂದು ಕಂಪನಿಯ ಮೇಲೆ ಅಲ್ಲ, ಈ ಪದ್ಧತಿಯ ಮೇಲೆ.

ಒಳ್ಳೆಯದು ಮೊದಲು. ಬ್ಯಾಂಕ್ ಕೇಳುವ ಹಳೆಯ ವರ್ಷಗಳ ಲೆಕ್ಕಪತ್ರ, ಒತ್ತೆ ಇಡಲು ಆಸ್ತಿ, ಇದ್ಯಾವುದನ್ನೂ ಅವರು ಕೇಳಲಿಲ್ಲ. ನನ್ನ ದಿನದ ಮಾರಾಟ ಅವರ ಕಣ್ಣ ಮುಂದೆಯೇ ಇದೆ, ಎಷ್ಟು ಕೊಡಬಹುದು ಅಂತ ಅವರಿಗೆ ಮೊದಲೇ ಗೊತ್ತು. ಹಣ ಬೇಗ ಬಂತು. ಕಂತು ಅಂತ ಒಂದು ತಾರೀಕು ಇಲ್ಲ, ದಿನದ ಮಾರಾಟದಲ್ಲಿ ಇಷ್ಟು ಪಾಲು ಅಂತ ತಾನಾಗೇ ಕಟ್ ಆಗುತ್ತದೆ. ವ್ಯಾಪಾರ ಕಮ್ಮಿಯಾದ ದಿನ ಕಟ್ ಆಗುವುದೂ ಕಮ್ಮಿ. ಮಲಗಿದರೆ ನಿದ್ದೆ ಬರುತ್ತದೆ, ಅದೂ ಒಂದು ಲಾಭವೇ ಅಲ್ವಾ. ಹಾಗಂತ ಎಲ್ಲರೂ ಪೂರ್ತಿ ಸಡಿಲ ಬಿಡುವುದಿಲ್ಲ, ಪೇಪಾಲ್‌ನವರ ನಿಯಮದಲ್ಲಿ 90 ದಿನಕ್ಕೊಮ್ಮೆ ಕನಿಷ್ಠ ಇಷ್ಟು ತೀರಿರಲೇಬೇಕು ಅಂತ ಇದೆ.

ಈಗ ಕಹಿ ವಿಷಯ. ಇದರಲ್ಲಿ ಬಡ್ಡಿ ಇಲ್ಲ, ಒಂದೇ ಶುಲ್ಕ ಅಂತಾರೆ. 100 ತಗೊಂಡರೆ 110 ಕೊಡಿ, ಮುಗಿಯಿತು. ಕೇಳಿದವರಿಗೆ ನೂರಕ್ಕೆ ಹತ್ತು ತಾನೇ ಅನ್ನಿಸುತ್ತದೆ. ಆದರೆ ಆ 100 ವರ್ಷಪೂರ್ತಿ ನಿಮ್ಮ ಕೈಯಲ್ಲಿ ಇರುವುದಿಲ್ಲ, ಮಾರನೇ ದಿನದಿಂದಲೇ ವಾಪಸ್ ಹೋಗಲು ಶುರುವಾಗುತ್ತದೆ. ಆರು ತಿಂಗಳಲ್ಲಿ ತೀರಿತು ಅಂತಿಟ್ಟುಕೊಳ್ಳಿ, ಸರಾಸರಿ ನಿಮ್ಮ ಹತ್ತಿರ ಇದ್ದದ್ದು 50 ಅಷ್ಟೇ, ಅದಕ್ಕೆ ಅರ್ಧ ವರ್ಷಕ್ಕೆ 10 ಕೊಟ್ಟಿರಿ, ಅಂದರೆ ವರ್ಷದ ಲೆಕ್ಕದಲ್ಲಿ ಹತ್ತಿರ ಹತ್ತಿರ ಶೇ. 40. ಮಾರಾಟ ಚೆನ್ನಾಗಿ ಆಗಿ ಮೂರೇ ತಿಂಗಳಲ್ಲಿ ತೀರಿದರೆ ಅದು ಶೇ. 80! ವ್ಯಾಪಾರ ಚೆನ್ನಾಗಿ ಆದಷ್ಟೂ ಸಾಲ ದುಬಾರಿ. ಬೇಗ ತೀರಿಸಿದರೆ ಬಡ್ಡಿ ಉಳಿಯುತ್ತದೆ ಅನ್ನುವುದು ನಮಗೆಲ್ಲ ಅಭ್ಯಾಸ, ಇಲ್ಲಿ ಶುಲ್ಕ ಮೊದಲೇ ಗಟ್ಟಿಯಾಗಿರುವುದರಿಂದ ಏನೂ ಉಳಿಯುವುದಿಲ್ಲ.

ಆದರೆ ವರ್ಷದ ದರ ನೋಡಿ ಸುಮ್ನೆ ಹೆದರುವುದೂ ಬೇಡ. ಮಾಲಿಗೆ ಹಾಕಿದ ಹಣ ಒಂದು ಸಲ ತಿರುಗಿ ಬಂದಾಗ ಎಷ್ಟು ಗಿಟ್ಟುತ್ತದೆ, ಅದು ಮುಖ್ಯ. 100ಕ್ಕೆ ಮಾರುವ ವಸ್ತುವಿನ ಅಸಲು 55, ಜಾಹೀರಾತು, ಸಾಗಣೆ, ಪ್ಲಾಟ್‌ಫಾರ್ಮ್ ಕಮಿಷನ್ ಎಲ್ಲ ಸೇರಿ 30, ಉಳಿಯುವುದು 15. ಮಾಲಿಗೆ ಹಾಕಿದ ಪ್ರತಿ 100ಕ್ಕೆ ಸುಮಾರು 27 ಲಾಭ ಬಂದ ಹಾಗಾಯಿತು, ಅದರಲ್ಲಿ 10 ಶುಲ್ಕಕ್ಕೆ ಹೋಯಿತು. ಲಾಭದ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಖಚಿತವಾಗಿ ಮಾರಿಹೋಗುವ ಸೀಸನ್ ಮಾಲಿಗೆ ಒಂದು ಸಲಕ್ಕೆ ಪರವಾಗಿಲ್ಲ, ಹಣ ಇಲ್ಲದೆ ಮಾಲೇ ತರದಿದ್ದರೆ ಆ 17 ಕೂಡ ಸಿಗುತ್ತಿರಲಿಲ್ಲ.

ನಿಜವಾದ ಸಿಕ್ಕು ಇರುವುದು ದಿನದ ಕಡಿತದಲ್ಲಿ. ಅದನ್ನು ಲಾಭದ ಮೇಲೆ ಲೆಕ್ಕ ಹಾಕುವುದಿಲ್ಲ, ಮಾರಾಟದ ಮೊತ್ತದ ಮೇಲೆ ಹಾಕುತ್ತಾರೆ. ಅದೇ ಉದಾಹರಣೆಯಲ್ಲಿ ಅವರ ಪಾಲು ಶೇ. 17 ಅಂದುಕೊಳ್ಳಿ. 100ರಲ್ಲಿ 30 ಖರ್ಚಿಗೆ, 17 ಅವರಿಗೆ, ಕೈಗೆ ಬಂದದ್ದು 53. ಅದೇ ಮಾಲು ಮತ್ತೆ ತರಲು 55 ಬೇಕು. ಒಂದೊಂದು ಮಾರಾಟಕ್ಕೂ ಸ್ಟಾಕ್ ಒಂಚೂರು ಸವೆಯುತ್ತಾ ಹೋಗುತ್ತದೆ, ಕೊನೆಗೆ ಅರ್ಧ ತೀರುವಷ್ಟರಲ್ಲಿ ಇನ್ನೊಂದು ಮುಂಗಡ ಬೇಕು ಅನ್ನಿಸುತ್ತದೆ, ಸರಿಯಾಗಿ ಅದೇ ಹೊತ್ತಿಗೆ ಇನ್ನೊಂದು ಮುಂಗಡ ತಗೊಳ್ಳಿ ಅಂತ ಅವರಿಂದ ಇಮೇಲ್ ಬರುತ್ತದೆ. ಇದರ ಮೇಲೆ ರಿಟರ್ನ್‌ಗಳ ಕಾಟ ಬೇರೆ. ಗಿರಾಕಿ ವಾಪಸ್ ಕಳಿಸಿದರೆ ಪೂರ್ತಿ ಹಣ ನಾನು ಕೊಡಬೇಕು, ಆ ಮಾರಾಟದ ಮೇಲೆ ಕಟ್ ಆದದ್ದು ನನ್ನ ಕೈಗೆ ಬರಲಿಲ್ಲ. ಬಾಕಿಗೆ ಜಮಾ ಆಗಿರುತ್ತದೆ ನಿಜ, ಆದರೆ ಆ ವಾರ ಪೂರೈಕೆದಾರನಿಗೆ ಜಮಾ ತೋರಿಸಿದರೆ ಆಗುತ್ತದಾ?

ಬೇರೆ ದಾರಿಗಳು? ಬ್ಯಾಂಕ್ ಓವರ್‌ಡ್ರಾಫ್ಟ್ ಸಿಕ್ಕರೆ ಕಣ್ಣುಮುಚ್ಚಿ ಅದಕ್ಕೇ ಹೋಗಿ, ಬಳಸಿದ ಹಣಕ್ಕೆ ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಸಿಗುವುದು ಕಷ್ಟ, ಅದೇ ತೊಂದರೆ. ಕ್ರೆಡಿಟ್ ಕಾರ್ಡ್ ಬಡ್ಡಿಯಿಲ್ಲದ ಗಡುವಿನೊಳಗೆ ತೀರಿದರೆ ಚೆನ್ನ, ಒಂದು ದಿನ ದಾಟಿದರೂ ಕುತ್ತಿಗೆಗೆ ಬರುತ್ತದೆ. ಜನರಿಂದ ಮೊದಲೇ ಹಣ ಕೂಡಿಸಿಕೊಡುವ ಕಿಕ್‌ಸ್ಟಾರ್ಟರ್ ಥರದ ತಾಣ ಹೊಸ ವಸ್ತು ತರುವವರಿಗೆ ಸರಿ, ಗುರಿ ಮುಟ್ಟದಿದ್ದರೆ ಒಂದು ಕಾಸೂ ಕೈಗೆ ಬರುವುದಿಲ್ಲ, ಮುಟ್ಟಿದರೆ ಅವರ ಪಾಲು ಶೇ. 5, ಹಣ ಪಾವತಿಯ ಖರ್ಚು ಬೇರೆ. ಇದ್ದ ಸ್ಟಾಕನ್ನೇ ಮತ್ತೆ ತುಂಬಿಸುವ ನನ್ನಂಥವರಿಗೆ ಅದು ಅಲ್ಲ. ನನಗೆ ಎಲ್ಲಕ್ಕಿಂತ ಅಗ್ಗ ಅನ್ನಿಸಿದ್ದು ಪೂರೈಕೆದಾರನ ಹತ್ತಿರ ಉದ್ದರಿ. 30 ದಿನ ಸಮಯ ಕೊಟ್ಟರೂ ಮುಂಗಡದ ಅರ್ಧ ಅವಶ್ಯಕತೆ ತಪ್ಪುತ್ತದೆ, ಆದರೆ ನಗದು ಕೊಟ್ಟರೆ ಎಷ್ಟು ರಿಯಾಯಿತಿ ಸಿಗುತ್ತಿತ್ತು ಅಂತಲೂ ಕೇಳಿ ನೋಡಬೇಕು, ಆ ಬಿಟ್ಟ ರಿಯಾಯಿತಿಯೇ ಅಲ್ಲಿನ ಬಡ್ಡಿ.

ಮುಂಗಡವೇ ಬೇಕು ಅನ್ನುವವರು ಒಪ್ಪಿಗೆ ಒತ್ತುವ ಮೊದಲು ಎರಡು ಕಲಮು ಹುಡುಕಿ. ಸ್ವಂತ ಜಾಮೀನು (ಅಂಗಡಿಯಿಂದ ತೀರದಿದ್ದರೆ ನಿಮ್ಮ ಸ್ವಂತ ಹಣದಿಂದ ತೀರಿಸುವ ಹೊಣೆ) ಕೇಳಿದ್ದಾರಾ, ಇದು ತೀರುವವರೆಗೆ ಬೇರೆ ಕಡೆ ಸಾಲ ಮಾಡಬಾರದು ಅಂತ ಇದೆಯಾ. ಅವಧಿಗೆ ಮುಂಚೆ ತೀರಿಸಿದರೆ ಶುಲ್ಕ ಕಮ್ಮಿಯಾಗುತ್ತದಾ ಅಂತ ನಾನು ಸಪೋರ್ಟ್‌ಗೆ ಬರೆದು ಕೇಳಿದ್ದಕ್ಕೆ ಷರತ್ತುಗಳ ಪುಟದ ಲಿಂಕ್ ಕಳಿಸಿ, ಪ್ರಶ್ನೆ ಬಗೆಹರಿಯಿತು ಅಂತ ಟಿಕೆಟ್ ಮುಚ್ಚಿದರು. ಒಂದು ಸ್ಟಾರ್ ಅಲ್ಲೇ ಹೋಯಿತು.