ಬುದ್ಧಿ ಹಲ್ಲು: ನೋವು ಇಳಿದರೂ ಬಾಯಿ ತೆರೆಯುತ್ತಿಲ್ಲವೇ? ಮಳೆಗಾಲದಲ್ಲಿ ಒಂದು ದಿನವೂ ಕಾಯಬೇಡಿ

ಕೆಳದವಡೆಯ ಕೊನೆಯ ಹಲ್ಲು ನೋಯುತ್ತಿತ್ತು, ಮಾತ್ರೆ ತಿಂದ ಮೇಲೆ ನೋವು ಇಳಿಯಿತು, ಆದರೆ ಬಾಯಿ ಮೊದಲಿನಷ್ಟು ತೆರೆಯುತ್ತಿಲ್ಲ. ನಿಮ್ಮದೋ ಮನೆಯವರದೋ ಸ್ಥಿತಿ ಹೀಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಮಡಿಕೇರಿ ತಾಲ್ಲೂಕಿನ ಒಳಗಿನ ಊರೊಂದರ 24 ವರ್ಷದ ಹುಡುಗನಿಗೆ ಆದದ್ದು ಇದೇ. ಜುಲೈ ಕೊನೆ, ಬಿಡದ ಮಳೆ. ಬಲಗಡೆ ಕೆಳಗಿನ ಬುದ್ಧಿ ಹಲ್ಲಿನ ಸುತ್ತ ಒಸಡು ಊದಿತು. ಮೊದಲ ರಾತ್ರಿ ಲವಂಗದ ಎಣ್ಣೆ ಹಚ್ಚಿದರು. ಮರುದಿನ ಪೇಟೆಯ ಮೆಡಿಕಲ್ ಶಾಪಿನಿಂದ ಕಾಗದದ ಪೊಟ್ಟಣದಲ್ಲಿ ಬಿಡಿ ಮಾತ್ರೆಗಳು ಬಂದವು: ಎರಡು ದಿನಕ್ಕಾಗುವಷ್ಟು, ಯಾವುದರ ಮೇಲೂ ಹೆಸರಿಲ್ಲ. ಮೂರನೇ ದಿನ ನೋವು ನಿಂತಿತು, ಹುಡುಗ ತೋಟಕ್ಕೆ ಹೋದ. ಊಟದ ಹೊತ್ತಿಗೆ ಬಾಯಿಗೆ ಎರಡು ಬೆರಳು ಮಾತ್ರ ಹಿಡಿಯುತ್ತಿತ್ತು. ‘ಊತ ಇಳಿದರೆ ಸರಿಹೋಗುತ್ತದೆ’ ಎಂದುಕೊಂಡು ಗಂಜಿ ಕುಡಿದ. ರಾತ್ರಿ ಕೆನ್ನೆಗೆ ಬಿಸಿ ಶಾಖ ಕೊಟ್ಟರು. ನಾಲ್ಕನೇ ದಿನ ಮಾತ್ರೆ ಮುಗಿಯಿತು, ಜ್ವರ ಬಂತು, ದವಡೆಯ ಕೆಳಗೆ ಗಟ್ಟಿಯಾಗಿ ಊದಿತು. ರಸ್ತೆಗೆ ಮರ ಬಿದ್ದಿತ್ತು, ಕರೆಂಟಿಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ. ಐದನೇ ದಿನ ಬೆಳಿಗ್ಗೆ ಗದ್ದದ ಕೆಳಗೆ ಎರಡೂ ಕಡೆ ಬಾವು, ನಾಲಿಗೆ ಮೇಲೆದ್ದಿತ್ತು, ಜೊಲ್ಲು ನುಂಗಲಾಗುತ್ತಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಮೂಗಿನ ಮೂಲಕ ಉಸಿರಾಟದ ಕೊಳವೆ ಇಳಿಸಿ, ಕತ್ತಿನ ಮೇಲ್ಭಾಗದಲ್ಲಿ ಕೊಯ್ದು ಕೀವು ಹೊರಹಾಕಿ, ಆ ಹಲ್ಲನ್ನು ತೆಗೆದರು. ಐಸಿಯುವಿನಲ್ಲಿದ್ದು ಬದುಕಿ ಬಂದ.

ಇದರಲ್ಲಿ ಎಲ್ಲಿ ತಪ್ಪಿತು ಎಂದು ನೋಡಿದರೆ ತಿರುವು ಮೂರನೇ ದಿನದ್ದು. ನೋವು ಕಡಿಮೆಯಾದದ್ದನ್ನು ನೋಡಿದರು, ಬಾಯಿ ಮುಚ್ಚುತ್ತಾ ಬಂದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ, ಉಳಿದ ಹಲ್ಲುಗಳೆಲ್ಲ ಜಾಗ ಹಿಡಿದ ಮೇಲೆ ಬರುತ್ತದೆ. ದವಡೆಯಲ್ಲಿ ಜಾಗ ಸಾಲದಿದ್ದರೆ ಮುಂದಿನ ಹಲ್ಲಿಗೆ ವಾಲಿಕೊಂಡೋ, ಅಡ್ಡ ಮಲಗಿಕೊಂಡೋ ಅರ್ಧಕ್ಕೆ ನಿಲ್ಲುತ್ತದೆ. ಅರ್ಧ ಹೊರಬಂದ ಹಲ್ಲಿನ ಮೇಲೆ ಒಸಡಿನ ಒಂದು ಪದರ ಮುಚ್ಚಳದಂತೆ ಉಳಿಯುತ್ತದೆ. ಅನ್ನದ ಅಗುಳು, ಮಾಂಸದ ಎಳೆ ಅದರ ಕೆಳಗೆ ಸೇರುತ್ತವೆ, ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಗಾಳಿಯಿಲ್ಲದ ಆ ಸಂದಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ ಒಸಡು ಊದುತ್ತದೆ, ಊದಿದ ಒಸಡನ್ನು ಮೇಲಿನ ಬುದ್ಧಿ ಹಲ್ಲು ಪ್ರತಿ ಸಲ ಕಚ್ಚುತ್ತದೆ, ಅದು ಇನ್ನಷ್ಟು ಊದುತ್ತದೆ. ಇದನ್ನು ಡಾಕ್ಟರುಗಳು ಪೆರಿಕೊರೊನೈಟಿಸ್ ಎನ್ನುತ್ತಾರೆ.

ಸೋಂಕು ಒಸಡಿನಲ್ಲೇ ಇರುವವರೆಗೆ ಬಾಯಿ ತೆರೆಯಲು ಅಷ್ಟು ಕಷ್ಟವಾಗದು. ಅದು ಹಿಂದೆ, ಆಳಕ್ಕೆ ಹರಡಿ ಅಗಿಯುವ ಸ್ನಾಯುಗಳನ್ನು ತಟ್ಟಿದಾಗ ಸ್ನಾಯು ಬಿಗಿದು ಬಾಯಿ ಕಟ್ಟುತ್ತದೆ. ಹಾಗಾಗಿ ಬಾಯಿ ಎಷ್ಟು ತೆರೆಯುತ್ತದೆ ಎನ್ನುವುದೇ ಮನೆಯಲ್ಲಿ ನಿಮ್ಮ ಕೈಗೆ ಸಿಗುವ ಅಳತೆ. ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಮೇಲಿನ-ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹೆಚ್ಚಿನವರಿಗೆ ಮೂರೂ ಹಿಡಿಯುತ್ತವೆ, ಸುಮಾರು 35 ಮಿಲಿಮೀಟರಿಗಿಂತ ಹೆಚ್ಚು. ಎರಡಕ್ಕೆ ಇಳಿದರೆ ಅದೇ ದಿನ ಹಲ್ಲಿನ ಡಾಕ್ಟರ ಬಳಿ ಹೋಗಬೇಕು. ಒಂದೇ ಬೆರಳಾದರೆ, ಅಥವಾ ಜ್ವರವೋ ದವಡೆಯಡಿ ಊತವೋ ಜೊತೆಗಿದ್ದರೆ ಆಸ್ಪತ್ರೆಗೇ ಹೋಗಬೇಕು. ಬೆಳಿಗ್ಗೆ ಸಂಜೆ ಅಳೆದು ಬರೆದಿಡಿ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದವರಿಗೆ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ಮೊದಲೇ ಕಡಿಮೆ ತೆರೆಯುತ್ತಿರಬಹುದು. ಅವರು ಆರೋಗ್ಯವಾಗಿದ್ದಾಗಿನ ತಮ್ಮ ಅಳತೆಗೇ ಹೋಲಿಸಬೇಕು. ಆ ಗಟ್ಟಿತನವನ್ನೂ ಡಾಕ್ಟರಿಗೆ ತೋರಿಸಬೇಕು, ಅದು ಕ್ಯಾನ್ಸರಿಗೆ ತಿರುಗಬಲ್ಲ ಕಾಯಿಲೆ.

ಕೆಳಗಿನ ಬುದ್ಧಿ ಹಲ್ಲು ಇಷ್ಟು ಅಪಾಯಕಾರಿಯಾಗಲು ಅದರ ಬೇರಿನ ಜಾಗ ಕಾರಣ. ಬಾಯಿಯ ತಳವನ್ನು ಹಿಡಿದಿರುವ ಸ್ನಾಯು ದವಡೆಗೆ ಅಂಟಿಕೊಳ್ಳುವ ಗೆರೆಗಿಂತ ಈ ಬೇರಿನ ತುದಿ ಕೆಳಗಿರುತ್ತದೆ. ಅಲ್ಲಿಂದ ಹೊರಟ ಕೀವು ಒಸಡಿನಲ್ಲಿ ಬೊಕ್ಕೆಯಾಗಿ ಒಡೆಯುವ ಬದಲು ನೇರ ದವಡೆಯ ಕೆಳಕ್ಕೆ, ಕತ್ತಿನ ಕಡೆಗೆ ಇಳಿಯಬಲ್ಲದು. ಸೋಂಕು ಎರಡೂ ಕಡೆಗೆ ಹಬ್ಬಿದರೆ ನಾಲಿಗೆ ಮೇಲಕ್ಕೂ ಹಿಂದಕ್ಕೂ ತಳ್ಳಲ್ಪಟ್ಟು ಶ್ವಾಸದ ದಾರಿ ಮುಚ್ಚುತ್ತದೆ. 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ಇದನ್ನು ವಿವರಿಸಿದ್ದರಿಂದ ಲುಡ್ವಿಗ್ಸ್ ಆಂಜೈನಾ ಎಂಬ ಹೆಸರು ಉಳಿದಿದೆ. ಊತ ಕೆನ್ನೆಯಿಂದ ಕತ್ತಿಗೆ ಇಳಿದ ಮೇಲೆ ಕೆಲವೇ ಗಂಟೆಗಳಲ್ಲಿ ಉಸಿರು ಕಟ್ಟಬಹುದು.

ಆ ಬಿಡಿ ಮಾತ್ರೆಗಳ ವಿಷಯ. ಹೆಸರಿಲ್ಲದ ಪೊಟ್ಟಣದಲ್ಲಿ ನೋವಿನ ಮಾತ್ರೆಯ ಜೊತೆ ಸ್ಟೀರಾಯ್ಡ್ ಸೇರಿರುವ ಸಾಧ್ಯತೆ ಯಾವಾಗಲೂ ಇದೆ. ಸ್ಟೀರಾಯ್ಡ್ ಊತ, ಜ್ವರ, ನೋವು ಮೂರನ್ನೂ ಅಡಗಿಸುತ್ತದೆ, ಸೋಂಕಿನ ವಿರುದ್ಧ ದೇಹ ಮಾಡುವ ಕೆಲಸವನ್ನೂ ಕುಗ್ಗಿಸುತ್ತದೆ. ಆಂಟಿಬಯೋಟಿಕ್ ಸರಿಯಾದದ್ದೇ ಇದ್ದರೂ ಅದೊಂದರಿಂದ ಈ ತೊಂದರೆ ಬಿಡುವುದಿಲ್ಲ, ಏಕೆಂದರೆ ಒಸಡಿನ ಪದರದ ಕೆಳಗಿನ ಕೊಳೆ ಅಲ್ಲೇ ಇರುತ್ತದೆ, ಕಟ್ಟಿದ ಕೀವಿನೊಳಕ್ಕೆ ಔಷಧಿ ಸರಿಯಾಗಿ ತಲುಪುವುದೂ ಇಲ್ಲ. ಪೊಟ್ಟಣ ತೆಗೆದುಕೊಳ್ಳಬೇಡಿ, ಸ್ಟ್ರಿಪ್ ಕೇಳಿ, ಬಿಲ್ ಕೇಳಿ.

ಹೊರಗಿನಿಂದ ಕೆನ್ನೆಗೆ ಬಿಸಿ ಶಾಖ ಕೊಡುವುದು ನಮ್ಮಲ್ಲಿ ಬಹಳ ಮನೆಗಳಲ್ಲಿದೆ, ಪ್ರೀತಿಯಿಂದಲೇ ಮಾಡುತ್ತಾರೆ. ಸೋಂಕಿರುವಾಗ ಅದು ಬೇಡ. ಬಿಸಿಗೆ ರಕ್ತದ ಹರಿವು ಹೆಚ್ಚಿ ಊತ ಏರುತ್ತದೆ, ಕೀವು ಚರ್ಮದ ಕಡೆಗೆ ಬರಬಹುದು. ಹೊಗೆಸೊಪ್ಪು, ಸುಣ್ಣ, ಬ್ರಾಂಡಿಯಲ್ಲಿ ಅದ್ದಿದ ಹತ್ತಿ, ಒಸಡಿಗೆ ಒತ್ತಿಟ್ಟ ಆಸ್ಪಿರಿನ್ ಮಾತ್ರೆ, ಎಲ್ಲವೂ ಒಸಡನ್ನು ಸುಡುತ್ತವೆ. ಬೆರೆಸದ ಲವಂಗದ ಎಣ್ಣೆಯೂ ಸುಡುತ್ತದೆ.

ಮೊದಲ ದಿನ ಮನೆಯಲ್ಲಿ ಮಾಡಬಹುದಾದದ್ದು ಸರಳ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ನೋಯುವ ಕಡೆಗೆ ತಲೆ ವಾಲಿಸಿ ಅರ್ಧ ನಿಮಿಷ ಬಾಯಲ್ಲಿ ಹಿಡಿದು ಉಗುಳಿ. ಊಟವಾದ ಪ್ರತಿ ಸಲವೂ, ಮಲಗುವ ಮುಂಚೆಯೂ ಮಾಡಿ. ಮಕ್ಕಳ ಚಿಕ್ಕ, ಮೆತ್ತನೆಯ ಬ್ರಷ್ ಕೊನೆಯ ಹಲ್ಲಿನ ಹಿಂದಕ್ಕೆ ತಲುಪುತ್ತದೆ, ನೋವಾದರೂ ನಿಧಾನಕ್ಕೆ ಉಜ್ಜಿ. 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ 10 ಮಿಲಿಲೀಟರ್, ದಿನಕ್ಕೆ ಎರಡು ಸಲ, ಟೂತ್‌ಪೇಸ್ಟಿನಿಂದ ಉಜ್ಜಿ ಅರ್ಧ ಗಂಟೆ ಬಿಟ್ಟು. ವಾರಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ. ನೋವಿಗೆ ದೊಡ್ಡವರು ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು, ಪಿತ್ತಜನಕಾಂಗದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ, ಗರ್ಭಿಣಿಯರಿಗೆ ಬೇಡ. ಮಳೆಗಾಲದಲ್ಲಿ ಜ್ವರವೂ ಇದ್ದರೆ ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೆ ಯಾರಿಗೂ ಬೇಡ, ರಕ್ತಸ್ರಾವದ ಅಪಾಯವಿದೆ. ಇವೆಲ್ಲ ಡಾಕ್ಟರನ್ನು ತಲುಪುವವರೆಗೆ ಮಾತ್ರ.

ಕ್ಲಿನಿಕ್ಕಿನಲ್ಲಿ ಮೊದಲು ಆಗಬೇಕಾದದ್ದು ತೊಳೆಯುವ ಕೆಲಸ: ಮೊಂಡು ತುದಿಯ ಸೂಜಿಯ ಸಿರಿಂಜಿನಿಂದ ಒಸಡಿನ ಪದರದ ಕೆಳಗೆ ಸಲೈನ್ ಅಥವಾ ಕ್ಲೋರ್‌ಹೆಕ್ಸಿಡಿನ್ ಹಾಯಿಸಿ ಕೊಳೆ ಹೊರತೆಗೆಯುವುದು. ಬಹಳ ಜನರಿಗೆ ಇದರಿಂದಲೇ ಒಂದೆರಡು ದಿನದಲ್ಲಿ ಹಿತವಾಗುತ್ತದೆ. ಬರಿಯ ಚೀಟಿ ಬರೆದು ಕಳಿಸಿದರೆ ‘ತೊಳೆಯುವುದಿಲ್ಲವಾ ಡಾಕ್ಟ್ರೇ?’ ಎಂದು ಕೇಳಿ, ಸಂಕೋಚ ಬೇಡ. ಮೇಲಿನ ಬುದ್ಧಿ ಹಲ್ಲು ಒಸಡನ್ನು ಕಚ್ಚುತ್ತಿದ್ದರೆ ಅದನ್ನು ಉಜ್ಜಿ ತಗ್ಗಿಸುವುದು ಅಥವಾ ತೆಗೆಯುವುದೂ ಉಂಟು. ಜ್ವರ, ಬಾಯಿ ಕಟ್ಟುವುದು, ಊತ ಹರಡುವುದು ಇದ್ದರೆ ಆಂಟಿಬಯೋಟಿಕ್ ಬೇಕು. ಹೆಚ್ಚಾಗಿ ಬರೆಯುವುದು ಅಮಾಕ್ಸಿಸಿಲಿನ್ 500, ಮೆಟ್ರೊನಿಡಜೋಲ್ 400, ಅಥವಾ ಎರಡೂ, ದಿನಕ್ಕೆ ಮೂರು ಸಲ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಮೆಟ್ರೊನಿಡಜೋಲ್ ನಡೆಯುವಾಗ ಮತ್ತು ಮುಗಿದ ಮೇಲೆ 48 ಗಂಟೆ ಮದ್ಯ ಮುಟ್ಟಬಾರದು, ಮನೆಯಲ್ಲಿ ಮದುವೆಯಿರಲಿ ಹಬ್ಬವಿರಲಿ. ವಾಂತಿ, ಎದೆಬಡಿತ, ಮುಖ ಕೆಂಪೇರುವುದು ಆಗಬಹುದು.

ಎಕ್ಸ್‌ರೇ ಇಲ್ಲದೆ ಕೆಳಗಿನ ಬುದ್ಧಿ ಹಲ್ಲನ್ನು ಕೀಳಿಸಿಕೊಳ್ಳಬೇಡಿ. ಎಷ್ಟೇ ನೋವಿರಲಿ, ಎಷ್ಟೇ ದೂರದಿಂದ ಬಂದಿರಲಿ. ಎರಡೂ ದವಡೆ ಪೂರ್ತಿ ಕಾಣುವ ಓಪಿಜಿ ಚಿತ್ರದಲ್ಲಿ ಹಲ್ಲಿನ ವಾಲು, ಬೇರಿನ ಆಕಾರ, ದವಡೆಯೊಳಗಿನ ನರದ ಕಾಲುವೆ ಗೊತ್ತಾಗುತ್ತದೆ. ಆ ನರ ಕೆಳತುಟಿ, ಗದ್ದಕ್ಕೆ ಸ್ಪರ್ಶ ಕೊಡುವಂಥದ್ದು. ಬೇರು ನರಕ್ಕೆ ತಗುಲಿದಂತೆ ಕಂಡರೆ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಕೆಲವರಿಗೆ ಬೇರನ್ನು ಬಿಟ್ಟು ಹಲ್ಲಿನ ಮೇಲ್ಭಾಗ ಮಾತ್ರ ತೆಗೆಯುವುದೇ ಕ್ಷೇಮ. ತುಟಿಯ ಮರಗಟ್ಟುವಿಕೆ ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ, ಆದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ನಿಮ್ಮ ಚಿತ್ರದಲ್ಲಿ ನರ ಎಷ್ಟು ಹತ್ತಿರ ಎಂದು ತೋರಿಸಿಕೊಳ್ಳಿ. ಕಷ್ಟದ ಹಲ್ಲಾದರೆ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರ ಕೈಯಲ್ಲೇ ಆಗಲಿ. ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇದೆ.

ಎಲ್ಲ ಬುದ್ಧಿ ಹಲ್ಲನ್ನೂ ತೆಗೆಸಬೇಕಿಲ್ಲ. ನೇರ ಬಂದು, ಬ್ರಷ್ ತಲುಪುವಂತಿದ್ದರೆ ಇರಲಿ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲಿ ಕೊಟ್ಟ ಸೂಚನೆಯ ಪ್ರಕಾರ, ಒಸಡಿನ ಸೋಂಕು ಮೊದಲ ಸಲ ಬಂದಾಗ ಅದು ತೀವ್ರವಲ್ಲದಿದ್ದರೆ ಹಲ್ಲು ತೆಗೆಯುವ ಕಾರಣವಲ್ಲ, ಎರಡನೇ ಸಲ ಬಂದರೆ ಕಾರಣ. ಹುಳುಕು ತುಂಬಲಾಗದಷ್ಟಾಗಿದ್ದರೆ, ಪಕ್ಕದ ಹಲ್ಲು ಕೆಡುತ್ತಿದ್ದರೆ, ಹಲ್ಲಿನ ಸುತ್ತ ನೀರುಗುಳ್ಳೆ ಬೆಳೆದಿದ್ದರೆ ತೆಗೆಸಲೇಬೇಕು. ಮಳೆಗಾಲದಲ್ಲಿ ರಸ್ತೆ ಕಟ್ಟುವ ಊರಿನವರು ಎರಡನೇ ಸಲ ಸೋಂಕು ಬಂದ ಹಲ್ಲನ್ನು ಮೂರನೇ ಸಲಕ್ಕೆ ಉಳಿಸಿಕೊಳ್ಳಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾಫಿ ಕೊಯ್ಲು ಮುಗಿದು ಜೂನ್ ಹಿಡಿಯುವ ಮೊದಲಿನ ಎರಡು ತಿಂಗಳು ಇದಕ್ಕೆ ಹೇಳಿಮಾಡಿಸಿದ ಕಾಲ.

ಶಸ್ತ್ರಚಿಕಿತ್ಸೆ ಜನ ಹೆದರುವಷ್ಟಿಲ್ಲ: ಮರಗಟ್ಟುವ ಇಂಜೆಕ್ಷನ್, ಒಸಡು ಬಿಡಿಸಿ ಬೇಕಾದಷ್ಟು ಮೂಳೆ ಕೊರೆದು, ಹಲ್ಲನ್ನು ತುಂಡು ಮಾಡಿ ತೆಗೆದು, ಹೊಲಿಗೆ. ಹೆಚ್ಚಿನವು ಒಂದು ಗಂಟೆಯೊಳಗೆ ಮುಗಿಯುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್‌ನಂಥ ಮಾತ್ರೆ ತಿನ್ನುತ್ತಿರುವ ಹಿರಿಯರು ಅದನ್ನು ತಪ್ಪದೆ ತಿಳಿಸಬೇಕು.

ಆಮೇಲಿನ ಮೂರು ದಿನ ಹೆಚ್ಚು ಜನ ಎಡವುವ ಜಾಗ. ಗಾಜ್ ಬಟ್ಟೆಯನ್ನು 30ರಿಂದ 45 ನಿಮಿಷ ಒತ್ತಿ ಕಚ್ಚಿ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ರಕ್ಷೆ, ಅದು ಕಿತ್ತುಬರುವಂಥದ್ದು ಯಾವುದೂ ಕೂಡದು: 24 ಗಂಟೆ ಮುಕ್ಕಳಿಸಬೇಡಿ, ಪದೇಪದೇ ಉಗುಳಬೇಡಿ, ಸ್ಟ್ರಾದಲ್ಲಿ ಹೀರಬೇಡಿ. ಬೀಡಿ, ಸಿಗರೇಟು, ಎಲೆಅಡಿಕೆ ಕನಿಷ್ಠ ಒಂದು ವಾರ ಬೇಡ. ಮೊದಲ ದಿನ ಕೆನ್ನೆಗೆ ಐಸ್, 20 ನಿಮಿಷ ಇಟ್ಟು 20 ನಿಮಿಷ ತೆಗೆದು. ಊತ ಎರಡು-ಮೂರನೇ ದಿನ ಏರಿ ಆಮೇಲೆ ಇಳಿಯುತ್ತದೆ, ಗಾಬರಿ ಬೇಡ. ಆರಿದ ರಾಗಿ ಗಂಜಿ, ಹಾಲಲ್ಲಿ ನೆನೆಸಿದ ನೂಪುಟ್ಟು, ಮೆತ್ತಗೆ ಕಿವುಚಿದ ಮೊಸರನ್ನ ಆಗುತ್ತದೆ. ಖಾರದ ಪಂದಿ ಕರಿ, ಗಟ್ಟಿ ರೊಟ್ಟಿ ಕಾಯಲಿ. ಮರುದಿನದಿಂದ ಉಪ್ಪುನೀರು ನಿಧಾನಕ್ಕೆ. ರೇಷ್ಮೆ ದಾರದ ಹೊಲಿಗೆಯಾದರೆ ಏಳನೇ ದಿನದ ಹೊತ್ತಿಗೆ ತೆಗೆಸಬೇಕು.

ಇಳಿಯುತ್ತಿದ್ದ ನೋವು ಮೂರನೇ-ನಾಲ್ಕನೇ ದಿನ ಮತ್ತೆ ಜೋರಾಗಿ, ಕಿವಿಗೆ ಹೊಡೆದು, ಬಾಯಿ ನಾರಿದರೆ ಹೆಪ್ಪು ಹೋಗಿ ಮೂಳೆ ಬಯಲಾಗಿದೆ ಎಂದರ್ಥ, ಅದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಇದಕ್ಕೆ ಆಂಟಿಬಯೋಟಿಕ್ ಮದ್ದಲ್ಲ. ಗುಳಿ ತೊಳೆದು ಔಷಧಿಯ ಪಟ್ಟಿ ತುಂಬಿದರೆ ಬೇಗನೆ ನೋವು ತಗ್ಗುತ್ತದೆ, ಹಲ್ಲು ತೆಗೆದವರ ಬಳಿಗೇ ಮರಳಿ ಹೋಗಿ.

ಇನ್ನು ತುರ್ತು ಸ್ಥಿತಿ. ಜೊಲ್ಲು ನುಂಗಲಾಗದಿರುವುದು, ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಿದಂಥ ದನಿ, ನಾಲಿಗೆ ಮೇಲೇಳುವುದು, ಗದ್ದದ ಕೆಳಗೆ ಹಲಗೆಯಂತೆ ಗಟ್ಟಿಯಾಗುವುದು, ಮಲಗಲಾಗದಿರುವುದು: ಇವುಗಳಲ್ಲಿ ಒಂದು ಕಂಡರೂ ಹಲ್ಲಿನ ಕ್ಲಿನಿಕ್ ತೆರೆಯಲೆಂದು ಕಾಯದೆ 108ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಇಲ್ಲದಿದ್ದರೆ ಸಿಕ್ಕಿದ ಜೀಪಿನಲ್ಲಿ ಹೊರಡಿ. ರೋಗಿಯನ್ನು ಮಲಗಿಸಬೇಡಿ, ಮುಂದಕ್ಕೆ ಬಾಗಿ ಕೂರುವಂತೆ ಹಿಡಿದುಕೊಳ್ಳಿ. ಊಟ, ನೀರು, ಮಾತ್ರೆ ಏನೂ ಬಾಯಿಗೆ ಬೇಡ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ದಾರಿಯಲ್ಲಿ ಉಸಿರು ಕಟ್ಟಿದರೆ ಕಾರಿನಲ್ಲಿ ಯಾರೂ ಏನೂ ಮಾಡಲಾಗದು. ಹಾಗಾಗಿ ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಉಸಿರಾಟದ ದಾರಿಯನ್ನು ಭದ್ರ ಮಾಡಿಸಿಕೊಂಡು, ಮುಂದೆ ಕಳಿಸಬೇಕಾದರೆ ಆಂಬುಲೆನ್ಸಿನಲ್ಲೇ ಹೋಗಿ. ಯಾರಾದರೊಬ್ಬರು ಮೊದಲೇ ಫೋನ್ ಮಾಡಿ ಅರಿವಳಿಕೆ ವೈದ್ಯರು ಇದ್ದಾರೆಯೇ ಎಂದು ಕೇಳಲಿ, ‘ಹಲ್ಲು ನೋವು’ ಎನ್ನದೆ ‘ಕತ್ತು ಊದಿದೆ, ಉಸಿರು ಕಷ್ಟ’ ಎಂದೇ ಹೇಳಲಿ. ತಿಂದ ಮಾತ್ರೆಗಳ ಸ್ಟ್ರಿಪ್, ಹಳೆಯ ಎಕ್ಸ್‌ರೇ, ಬೆರಳಿನ ಅಳತೆ ಬರೆದ ಚೀಟಿ ಜೊತೆಗಿರಲಿ.