ವ್ಯಾಲೆಟ್ಟಾಗೆ ‘ಲಕ್ಸುರಿ’ ಪ್ಯಾಕೇಜ್: ಅಡ್ವಾನ್ಸ್ ಕಟ್ಟುವ ಮುಂಚೆ ಓದಿ

ಮಾಲ್ಟಾದ ರಾಜಧಾನಿ ವ್ಯಾಲೆಟ್ಟಾಗೆ ಲಕ್ಸುರಿ ಪ್ಯಾಕೇಜ್ ಅಂತ ಯಾರಾದರೂ ನಿಮಗೆ ಬಣ್ಣಬಣ್ಣದ ಪಿಡಿಎಫ್ ಕಳಿಸಿದ್ದರೆ, ಅಡ್ವಾನ್ಸ್ ಕಟ್ಟುವ ಮುಂಚೆ ಇದನ್ನು ಓದಿಬಿಡಿ. ನಾವು ಬೆಂಗಳೂರಿನ ಒಂದು ಟ್ರಾವೆಲ್ ಕಂಪನಿಯ ಮೂಲಕ ಹೋಗಿದ್ದೆವು. ಹೆಸರು ಹಾಕುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಇಂಥ ಪಿಡಿಎಫ್ ಮಾಡುವವರು ಅವರೊಬ್ಬರೇ ಅಲ್ಲ ಕೂಡ. ತಲೆಗೆ ಮೂರು ಲಕ್ಷಕ್ಕೂ ಜಾಸ್ತಿ ತಗೊಂಡರು. ನಾನು, ಹೆಂಡತಿ, ಅಮ್ಮ.

ಮೊದಲೇ ಹೇಳಿಬಿಡುತ್ತೇನೆ, ಊರಿನ ಮೇಲೆ ನನಗೆ ಒಂದು ದೂರೂ ಇಲ್ಲ. ಅದ್ಭುತವಾದ ಊರು. 1565ರಲ್ಲಿ ಆಟೋಮನ್ ತುರ್ಕರು ಮಾಲ್ಟಾಗೆ ಮುತ್ತಿಗೆ ಹಾಕಿ ಸೋತು ವಾಪಸ್ ಹೋದರು. ಮರುವರ್ಷ, 1566ರಲ್ಲಿ, ಸೇಂಟ್ ಜಾನ್ ನೈಟ್‌ಗಳ (ಆಗ ಮಾಲ್ಟಾ ಆಳುತ್ತಿದ್ದ ಕ್ರೈಸ್ತ ಯೋಧರ ಪಂಗಡ) ಮುಖ್ಯಸ್ಥ ಜಾನ್ ಡಿ ವಾಲೆಟ್ ಇಲ್ಲಿ ಅಡಿಗಲ್ಲು ಹಾಕಿಸಿದ. ಊರಿಗೆ ಅವನದೇ ಹೆಸರು. ಎರಡು ಬಂದರುಗಳ ನಡುವೆ ಚಾಚಿಕೊಂಡಿರುವ ಬಂಡೆ ಗುಡ್ಡ ಅದು. ಉದ್ದ ಸುಮಾರು 1 ಕಿಲೋಮೀಟರ್, ಅಗಲ ಅದಕ್ಕಿಂತಲೂ ಕಡಿಮೆ. ಯುರೋಪಿಯನ್ ಯೂನಿಯನ್‌ನಲ್ಲಿ ಇದಕ್ಕಿಂತ ಚಿಕ್ಕ ರಾಜಧಾನಿ ಇಲ್ಲ. ನಡುವೆ ಗುಡ್ಡದ ಬೆನ್ನಿನ ಮೇಲೆ ಮುಖ್ಯ ಬೀದಿ, ಎರಡೂ ಕಡೆ ಸಮುದ್ರಕ್ಕೆ ಇಳಿಯುವ ಅಡ್ಡಬೀದಿಗಳು. ಎಷ್ಟೋ ಅಡ್ಡಬೀದಿಗಳಲ್ಲಿ ರಸ್ತೆಯೇ ಮೆಟ್ಟಿಲು.

ಪ್ಯಾಕೇಜ್ ಬರೆದವರಿಗೆ ಗೊತ್ತಿಲ್ಲದೆ ಇದ್ದದ್ದು ಇದೇ. ಈ ಊರು ಹೇಗಿದೆ ಅನ್ನುವುದನ್ನೇ ನೋಡದೆ ಭರವಸೆ ಕೊಟ್ಟಿದ್ದರು.

‘ಐಷಾರಾಮಿ ಕಾರಿನಲ್ಲಿ ಹೋಟೆಲ್ ಬಾಗಿಲವರೆಗೆ’ ಅಂತ ಬರೆದಿದ್ದರು. ಕಾರೇನೋ ಚೆನ್ನಾಗಿತ್ತು. ಆದರೆ ಊರ ಬಾಗಿಲಿನ ಹೊರಗೆ, ಟ್ರೈಟನ್ ಕಾರಂಜಿಯ ಹತ್ತಿರ ನಿಂತಿತು. ಡ್ರೈವರ್ ಡಿಕ್ಕಿ ತೆಗೆದು ಸೂಟ್‌ಕೇಸ್‌ಗಳನ್ನು ನೆಲಕ್ಕಿಟ್ಟ. ಒಳಗೆ ರಿಪಬ್ಲಿಕ್ ಸ್ಟ್ರೀಟ್, ಅಲ್ಲಿ ನಡೆದು ಹೋಗುವವರಿಗೆ ಮಾತ್ರ ಜಾಗ. ಅವನದು ತಪ್ಪಲ್ಲ. ಹೋಟೆಲ್‌ನಿಂದ ಒಬ್ಬ ಹುಡುಗ ಬರುತ್ತಾನೆ ಅಂದರು, ಬರಲಿಲ್ಲ. ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ವಿನ್ಯಾಸ ಮಾಡಿದ ಆ ಹೊಸ ಸಿಟಿ ಗೇಟ್ ಬಗ್ಗೆ ಓದಿಕೊಂಡು ಹೋಗಿದ್ದೆ. ಅದರ ನಡುವೆ ಎರಡು ಸೂಟ್‌ಕೇಸ್ ಎಳೆದುಕೊಂಡು ಹೋಗುವಾಗ ತಲೆ ಎತ್ತಿ ನೋಡುವ ಮನಸ್ಸಾಗಲಿಲ್ಲ. ಅಡ್ಡಬೀದಿಗೆ ತಿರುಗಿದ ಮೇಲೆ ಮೆಟ್ಟಿಲು ಶುರು. ಶತಮಾನಗಳಿಂದ ಜನ ತುಳಿದು ತುಳಿದು ಅಂಚು ನುಣುಪಾದ ಕಲ್ಲು. ಅಮ್ಮನಿಗೆ ಮಂಡಿ ನೋವು, ಅದನ್ನು ಬುಕಿಂಗ್ ಸಮಯದಲ್ಲೇ ಬರೆದು ಕೊಟ್ಟಿದ್ದೆವು. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು.

ಇನ್ನು ಹೋಟೆಲ್. ಪಿಡಿಎಫ್‌ನಲ್ಲಿ ಇದ್ದದ್ದು ಗ್ರ್ಯಾಂಡ್ ಹಾರ್ಬರ್ ಮೇಲಿನ ಒಂದು ಸೊಗಸಾದ ಹೋಟೆಲ್‌ನ ಫೋಟೋ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಥವಾ ಅದೇ ದರ್ಜೆಯ ಮತ್ತೊಂದು’. ನಮಗೆ ಸಿಕ್ಕಿದ್ದು ಆ ಮತ್ತೊಂದು. ಹಳೆಯ ಪಲಾಜ್ಜೊ, ಅಂದರೆ ಶ್ರೀಮಂತರ ದೊಡ್ಡ ಮನೆ, ಒಂದನ್ನು ಒಂದಿಷ್ಟು ರೂಮ್ ಮಾಡಿ ಬಾಡಿಗೆಗೆ ಕೊಡುವ ಜಾಗ. ಲಿಫ್ಟ್ ಇಲ್ಲ, ರಾತ್ರಿ ಹೊತ್ತು ರಿಸೆಪ್ಷನ್‌ನಲ್ಲಿ ಯಾರೂ ಇಲ್ಲ. ನಮ್ಮ ‘ಹೆರಿಟೇಜ್ ಸೂಟ್’ ಇದ್ದದ್ದು ರಸ್ತೆಗಿಂತ ಕೆಳಗೆ. ಹಿಂದೆ ಅದು ಮನೆಯ ಉಗ್ರಾಣವಂತೆ. ಮೇಲ್ಗಡೆ ಒಂದು ಕಿಂಡಿ, ಅದರಲ್ಲಿ ಹೋಗಿಬರುವವರ ಪಾದ ಕಾಣುತ್ತಿತ್ತು.

ಕೋಣೆಯ ಮೂಲೆಯಲ್ಲಿ ಗೊರಗೊರ ಅನ್ನುವ ಒಂದು ಯಂತ್ರ ಇಟ್ಟಿದ್ದರು. ಹೀಟರ್ ಅಂದುಕೊಂಡೆವು. ಅಲ್ಲ, ಗಾಳಿಯ ತೇವ ಎಳೆಯುವ ಡಿಹ್ಯೂಮಿಡಿಫೈಯರ್. ರಾತ್ರಿ ತೊಟ್ಟಿ ತುಂಬಿ ಬೀಪ್ ಬೀಪ್ ಅಂತ ಕೂಗಿಕೊಳ್ಳುತ್ತದೆ. ಎದ್ದು ಆ ನೀರನ್ನು ಬಾತ್‌ರೂಮಿಗೆ ಸುರಿಯಬೇಕು. ಬೆಳಿಗ್ಗೆ ಹೊತ್ತಿಗೆ ಮತ್ತೆ ಅರ್ಧ ತುಂಬಿರುತ್ತದೆ. ಇಲ್ಲಿನ ಮನೆಗಳೆಲ್ಲ ಜೇನು ಬಣ್ಣದ ಮೆತ್ತನೆಯ ಸುಣ್ಣಕಲ್ಲಿನವು, ಸುತ್ತ ಸಮುದ್ರ. ಸಾಲದ್ದಕ್ಕೆ ಪ್ರತಿ ಮನೆಗೂ ಮಳೆನೀರಿನ ತೊಟ್ಟಿ ಇರಲೇಬೇಕು ಅಂತ ನೈಟ್‌ಗಳ ಕಾಲದಲ್ಲೇ ಕಾನೂನಿತ್ತು, ಆ ತೊಟ್ಟಿಗಳು ಇವತ್ತಿಗೂ ಎಷ್ಟೋ ಮನೆಗಳ ಕೆಳಗಿವೆ. ಮೇಲಿನ ಮಹಡಿಯವರಿಗೆ ಇದು ಗೊತ್ತೇ ಆಗುವುದಿಲ್ಲ. ಕೆಳಗೆ ಮಲಗಿದವರಿಗೆ ಹಾಸಿಗೆಯೂ ತಣ್ಣಗೆ, ಟವೆಲ್ಲೂ ಒಣಗುವುದಿಲ್ಲ. ‘ಇಷ್ಟು ದುಡ್ಡು ಕೊಟ್ಟು ಹಗೇವಿನಲ್ಲಿ ಮಲಗಿದ ಹಾಗಾಯ್ತಲ್ಲೋ’ ಅಂದರು ಅಮ್ಮ.

‘ಹಾರ್ಬರ್ ವ್ಯೂ’ ಎಲ್ಲಿ ಅಂತ ಕೇಳಿದರೆ, ಮೇಲಿನ ಟೆರೇಸ್‌ಗೆ ಹೋಗಿ ಅಂದರು. ಎಲ್ಲರಿಗೂ ಸೇರಿದ ಟೆರೇಸ್, ಸುತ್ತು ಮೆಟ್ಟಿಲು. ಅಮ್ಮ ಒಂದು ಸಲವೂ ಹತ್ತಲಿಲ್ಲ.

ರಾತ್ರಿಯ ಗಲಾಟೆಯ ವಿಷಯವೂ ಗೊತ್ತಿರಲಿ. 2022ರಲ್ಲಿ ವ್ಯಾಲೆಟ್ಟಾದ ಕೆಲವು ಬೀದಿಗಳ ಬಾರ್, ರೆಸ್ಟೊರೆಂಟ್‌ಗಳಿಗೆ ರಾತ್ರಿ 1 ಗಂಟೆವರೆಗೆ ಹಾಡು ಹಾಕಲು ಸರ್ಕಾರ ಅನುಮತಿ ಕೊಟ್ಟಿತು. ಅಲ್ಲಿಯೇ ಬದುಕುವ ಜನ ಅದರ ವಿರುದ್ಧ ಜೋರಾಗಿ ದನಿ ಎತ್ತಿದರು. ಸ್ಟ್ರೇಟ್ ಸ್ಟ್ರೀಟ್ ಒಂದು ಕಾಲಕ್ಕೆ ನಾವಿಕರ ಬಾರ್‌ಗಳಿಗೆ ಹೆಸರಾದ ಓಣಿ. ಅದರ ಆಸುಪಾಸು ರೂಮ್ ಕೊಟ್ಟರೆ ನಿದ್ದೆಯ ಆಸೆ ಬಿಡಿ. ಆ ಓಣಿಗಳಲ್ಲಿ ಎದುರುಬದುರು ಗೋಡೆಗಳ ನಡುವೆ ಸದ್ದು ಹೊರಗೆ ಹೋಗಲು ದಾರಿಯೇ ಇಲ್ಲ.

ಇದೆಲ್ಲ ಹೋಗಲಿ, ಪ್ರವಾಸದ ಪಟ್ಟಿಗೆ ಬರೋಣ. ಅಲ್ಲಿ ಇನ್ನೂ ಮಜಾ ಇದೆ.

ಭಾನುವಾರಕ್ಕೆ ‘ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್, ಖಾಸಗಿ ಗೈಡ್ ಜೊತೆ’ ಅಂತ ಹಾಕಿದ್ದರು. ಭಾನುವಾರ ಆ ಚರ್ಚಿನಲ್ಲಿ ಪ್ರವಾಸಿಗಳಿಗೆ ಪ್ರವೇಶವೇ ಇಲ್ಲ, ಪ್ರಾರ್ಥನೆಗೆ ಮಾತ್ರ. ಇದು ಗುಟ್ಟೇನೂ ಅಲ್ಲ, ಅವರ ವೆಬ್‌ಸೈಟ್‌ನಲ್ಲೇ ಇದೆ. ಖಾಸಗಿ ಗೈಡ್ ಅಂತ ಬಂದವನು ಕಾರಿನ ಡ್ರೈವರ್. ಮಾಲ್ಟಾದಲ್ಲಿ ಗೈಡ್‌ಗಳಿಗೆ ಲೈಸೆನ್ಸ್ ಬೇಕು, ಕೊರಳಲ್ಲಿ ಬ್ಯಾಡ್ಜ್ ಇರುತ್ತದೆ. ಇವನ ಹತ್ತಿರ ಇರಲಿಲ್ಲ. ನಾವು ಮರುದಿನ ನಮ್ಮದೇ ದುಡ್ಡಿನಲ್ಲಿ ಟಿಕೆಟ್ ತಗೊಂಡು ಹೋದೆವು. ಹೋಗದೆ ಬರಬೇಡಿ, ಅಷ್ಟು ಚೆನ್ನಾಗಿದೆ. ನೆಲವಿಡೀ ಸುಮಾರು 400 ನೈಟ್‌ಗಳ ಸಮಾಧಿ ಕಲ್ಲುಗಳು, ಬಣ್ಣಬಣ್ಣದ ಅಮೃತಶಿಲೆಯಲ್ಲಿ ಕೆತ್ತಿ ಕೂಡಿಸಿದ ಅಸ್ಥಿಪಂಜರಗಳು, ಕಿರೀಟಗಳು. ಚೂಪು ಹೀಲ್ಸ್ ಹಾಕಿಕೊಂಡು ಬಂದರೆ ಒಳಗೆ ಬಿಡುವುದಿಲ್ಲ, ಕಲ್ಲು ಹಾಳಾಗುತ್ತದೆ ಅಂತ. ಪಕ್ಕದ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ದೊಡ್ಡ ಚಿತ್ರ, ಸ್ನಾನಿಕ ಯೋಹಾನನ ಶಿರಚ್ಛೇದ. ಅವನು ಸಹಿ ಹಾಕಿದ ಒಂದೇ ಚಿತ್ರ ಅದು. ಸಹಿ ಎಲ್ಲಿದೆ ಗೊತ್ತಾ? ಯೋಹಾನನ ಕುತ್ತಿಗೆಯಿಂದ ನೆಲಕ್ಕೆ ಹರಿದ ರಕ್ತದಲ್ಲಿ.

ಮುಂದಿನದು ‘ಹೈಪೋಜಿಯಂ ವಿಐಪಿ ಪ್ರವೇಶ’. ಪಾವೊಲಾ ಊರಿನ ಮನೆಗಳ ಕೆಳಗೆ, ಬಂಡೆ ಕೊರೆದು ಮಾಡಿದ 5000 ವರ್ಷಕ್ಕೂ ಹಳೆಯ ಸಮಾಧಿ ಗುಹೆಗಳಿವೆ, ಅದೇ ಹೈಪೋಜಿಯಂ. ಜನರ ಉಸಿರಿನ ತೇವಕ್ಕೆ ಗೋಡೆಯ ಮೇಲಿನ ಕೆಂಪು ಬಣ್ಣದ ಚಿತ್ರ ಹಾಳಾಗುತ್ತದೆ ಅಂತ ದಿನಕ್ಕೆ 80 ಜನರನ್ನು ಮಾತ್ರ ಬಿಡುತ್ತಾರೆ, ಒಂದು ಸಲಕ್ಕೆ 10 ಜನ. ಟಿಕೆಟ್ ತಿಂಗಳುಗಳ ಮುಂಚೆಯೇ ಖಾಲಿ. ಇಂಥ ಕಡೆ ವಿಐಪಿ ಅಂತ ಇನ್ನೊಂದು ಬಾಗಿಲು ಎಲ್ಲಿಂದ ಬರಬೇಕು? ‘ಅಲ್ಲಿ ಹೋದ ಮೇಲೆ ನಮ್ಮವರು ವ್ಯವಸ್ಥೆ ಮಾಡುತ್ತಾರೆ’ ಅಂತ ಫೋನಿನಲ್ಲಿ ಹೇಳಿದರು, ಅಷ್ಟೇ. ನಿಮಗೆ ಅದನ್ನು ನೋಡುವ ಆಸೆ ಇದ್ದರೆ ವಿಮಾನದ ಟಿಕೆಟ್‌ಗಿಂತ ಮೊದಲು ಹೈಪೋಜಿಯಂ ಟಿಕೆಟ್ ನೋಡಿ, ದಿನಾಂಕ ಆಮೇಲೆ ಹೊಂದಿಸಿಕೊಳ್ಳಿ.

ಎಲ್ಲದಕ್ಕೂ ಮೇಲೆ ಗೋಜೋ ದ್ವೀಪದ ದಿನ. ‘ಅಜೂರ್ ವಿಂಡೋ ಎದುರು ಸೂರ್ಯಾಸ್ತ, ಸ್ಪಾರ್ಕ್ಲಿಂಗ್ ವೈನ್’ ಅಂತ ಬರೆದು, ಸಮುದ್ರಕ್ಕೆ ಚಾಚಿದ ಆ ಕಲ್ಲಿನ ಕಮಾನಿನ ಫೋಟೋ ಹಾಕಿದ್ದರು. ಗೋಜೋ ಡ್ರೈವರ್ ಪಟ್ಟಿ ಓದಿ ಒಮ್ಮೆ ನನ್ನ ಮುಖ ನೋಡಿದ, ಇನ್ನೊಮ್ಮೆ ಓದಿದ. ಆಮೇಲೆ ದ್ವೇಯ್ರಾ ಕೊಲ್ಲಿಗೆ ಕರೆದುಕೊಂಡು ಹೋಗಿ, ಬರೀ ನೀರಿನ ಕಡೆ ಕೈ ತೋರಿಸಿದ. ‘ಇಲ್ಲಿತ್ತು’ ಅಂದ. ಆ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಯಲ್ಲಿ ಕುಸಿದು ಸಮುದ್ರ ಸೇರಿದೆ. ಇಡೀ ಜಗತ್ತಿನ ಪೇಪರ್‌ಗಳಲ್ಲಿ ಬಂದ ಸುದ್ದಿ. ನಮ್ಮ ಹತ್ತಿರ ಅದಕ್ಕೂ ದುಡ್ಡು ತಗೊಂಡಿದ್ದರು. ವೈನೂ ಬರಲಿಲ್ಲ, ನಾವು ಕುಡಿಯುವವರೂ ಅಲ್ಲ ಬಿಡಿ.

ಖಾಸಗಿ ಯಾಟ್ ಬದಲು ನೂರಾರು ಜನರ ದೋಣಿಯ ಟಿಕೆಟ್ ಕೊಟ್ಟರು. ಶುದ್ಧ ಸಸ್ಯಾಹಾರ ಅಂದದ್ದು ಸಲಾಡ್ ಆಯಿತು. ಮೊಲದ ಮಾಂಸ ಅಲ್ಲಿನ ನೆಚ್ಚಿನ ಅಡುಗೆ, ಹಾಗಾಗಿ ಸುಮ್ನೆ ‘ವೆಜ್’ ಅಂದರೆ ಸಾಲದು. ಬಟಾಣಿ ಅಥವಾ ರಿಕೊಟ್ಟಾ ಚೀಸ್ ತುಂಬಿದ, ಪಫ್ ಥರದ ಪಸ್ತೀಜ್ಜಿ ಬಿಸಿಬಿಸಿ ಸಿಗುತ್ತದೆ, ತುಂಬಾ ಅಗ್ಗ. ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಕೇಳಿ ತಿನ್ನಿ. ಬಂದರಿನಿಂದ ಮೇಲೆ ಹತ್ತಲು 58 ಮೀಟರ್ ಎತ್ತರದ ಬರಾಕ್ಕಾ ಲಿಫ್ಟ್ ಇದೆ, ಮಂಡಿ ನೋವಿನವರಿಗೆ ವರ. ಅದು ಬಿಡುವ ಕಡೆಯೇ ಅಪ್ಪರ್ ಬರಾಕ್ಕಾ ಉದ್ಯಾನ. ಮಧ್ಯಾಹ್ನ 12ಕ್ಕೆ ಕೆಳಗಿನ ಅಂಗಳದಲ್ಲಿ ತೋಪು ಹಾರಿಸುತ್ತಾರೆ, ಮೇಲೆ ಕಟಾಂಜನ ಹಿಡಿದು ನಿಂತರೆ ಕಾಸಿಲ್ಲದೆ ಕಾಣುತ್ತದೆ. ಇದನ್ನೂ ನಮಗೆ ‘ವಿಶೇಷ ಅನುಭವ’ ಅಂತ ಮಾರಿದ್ದರು! ಅಮ್ಮನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಅದೊಂದೇ.

ಹಾಗಾದರೆ ಏನು ಕೇಳಬೇಕು? ಮೊದಲು ಹೋಟೆಲ್‌ನ ಹೆಸರು ಮತ್ತು ರೂಮಿನ ಮಹಡಿ, ಎರಡೂ ಲಿಖಿತವಾಗಿ. ‘ಅಥವಾ ಅದೇ ದರ್ಜೆಯ’ ಅನ್ನುವ ಸಾಲನ್ನು ಹೊಡೆಸಿ ಹಾಕಿ. ಒಪ್ಪದಿದ್ದರೆ ಅಲ್ಲಿಗೇ ಬಿಡಿ, ಬೇರೆಯವರು ಸಿಗುತ್ತಾರೆ. ಲಿಫ್ಟ್ ಇದೆಯಾ, ಕಾರು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಬ್ಯಾಗು ಹೊರುವವರು ಯಾರು ಅಂತ ಕಂಪನಿಯನ್ನಲ್ಲ, ನೇರವಾಗಿ ಹೋಟೆಲ್‌ಗೇ ಮೇಲ್ ಹಾಕಿ ಕೇಳಿ. ಕೋಟೆ ಗೋಡೆಯ ಒಳಗೆ ದೊಡ್ಡ ಹೋಟೆಲ್‌ಗಳಿಗೆ ಜಾಗವೇ ಕಡಿಮೆ. ವಯಸ್ಸಾದವರು ಜೊತೆಗಿದ್ದರೆ ಗೇಟಿನ ಹೊರಗಿನ ಫ್ಲೋರಿಯಾನಾ ಕಡೆ ನೋಡಿ. ಕಾರು ಬಾಗಿಲಿಗೆ ಬರುತ್ತದೆ, ಐದು ನಿಮಿಷ ನಡೆದರೆ ವ್ಯಾಲೆಟ್ಟಾ. ಆಮೇಲೆ ಪಟ್ಟಿಯಲ್ಲಿ ಇರುವ ಪ್ರತಿ ಜಾಗದ ಹೆಸರು, ವಾರ, ಸಮಯ ಇಟ್ಟುಕೊಂಡು ಆ ಜಾಗದ ಅಧಿಕೃತ ವೆಬ್‌ಸೈಟ್ ನೋಡಿ. ಒಂದು ತಪ್ಪು ಸಿಕ್ಕಿದರೂ ಅರ್ಥ ಇಷ್ಟೇ: ಆ ಪಟ್ಟಿ ಬರೆದವರು ಅಲ್ಲಿಗೆ ಹೋಗಿಲ್ಲ, ಹೋದವರನ್ನು ಕೇಳಿಯೂ ಇಲ್ಲ.

ದುಡ್ಡಿನ ಮಾತು. ನಮ್ಮಿಂದ ಇವರು ಪೂರ್ತಿ ಹಣವನ್ನು ಬ್ಯಾಂಕ್ ಟ್ರಾನ್ಸ್‌ಫರ್‌ನಲ್ಲೇ ಕೇಳಿದ್ದರು, ಕಾರ್ಡ್ ಆದರೆ ಶುಲ್ಕ ಜಾಸ್ತಿ ಅಂದರು. ಆ ಶುಲ್ಕ ಕೊಟ್ಟರೂ ಪರವಾಗಿಲ್ಲ, ಕ್ರೆಡಿಟ್ ಕಾರ್ಡೇ ಇರಲಿ. ಹೇಳಿದ ಸೇವೆ ಕೊಡದಿದ್ದರೆ ಬ್ಯಾಂಕ್ ಮೂಲಕ ತಕರಾರು ಎತ್ತಲು ಒಂದು ದಾರಿಯಾದರೂ ಇರುತ್ತದೆ. ಟ್ರಾನ್ಸ್‌ಫರ್‌ನಲ್ಲಿ ಅದಿಲ್ಲ. ವಾಪಸ್ ಬಂದ ಮೇಲೆ ಕಂಪನಿಯವರು ಮುಂದಿನ ಪ್ರವಾಸಕ್ಕೆ ರಿಯಾಯಿತಿ ವೋಚರ್ ಕೊಡುತ್ತೇವೆ ಅಂದರು. ತಗೊಳ್ಳಲಿಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆವು. ಅಲ್ಲಿ ರಾಜಿ ಆಗದ ಕಾರಣ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿ ಎಲ್ಲಿದ್ದರೂ ಸರಿ. ಎರಡು ವರ್ಷದ ಒಳಗೆ ಹಾಕಬೇಕು, ವಕೀಲರು ಇರಲೇಬೇಕು ಅಂತೇನಿಲ್ಲ. ಪಿಡಿಎಫ್, ವಾಟ್ಸ್ಆ್ಯಪ್ ಮಾತುಕತೆ, ಮೂಲೆಯ ಯಂತ್ರದಿಂದ ನೀರು ಸುರಿಯುವ ವಿಡಿಯೋ, ಮುಚ್ಚಿದ ಕೆಥೆಡ್ರಲ್ ಬಾಗಿಲಿನ ಫೋಟೋ, ಎಲ್ಲ ಲಗತ್ತಿಸಿದ್ದೇವೆ.

ಪ್ಯಾಕೇಜ್ ಮೇಲೆ ಟಿಸಿಎಸ್ (ಮಾರುವವರೇ ನಿಮ್ಮಿಂದ ವಸೂಲಿ ಮಾಡುವ ತೆರಿಗೆ) ಅಂತ ಹಿಡಿದಿರುತ್ತಾರಲ್ಲ, ಅದನ್ನೂ ಬಿಡಬೇಡಿ. ಅದು ನಿಮ್ಮ ಪ್ಯಾನ್ ನಂಬರಿನ ಹೆಸರಲ್ಲಿ ಸರ್ಕಾರಕ್ಕೆ ಹೋಗಿರಬೇಕು, ಆದಾಯ ತೆರಿಗೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತದೆ. ನಿಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿ ಆದಾಯ ತೆರಿಗೆ ವೆಬ್‌ಸೈಟ್‌ನಲ್ಲಿ ಇರುತ್ತದೆ, ಅದರಲ್ಲಿ ನೋಡಿ. ನಮ್ಮದು ನಾವು ಕೇಳುವವರೆಗೂ ಕಟ್ಟಿರಲಿಲ್ಲ.