ಕಮಟು ಹಿಡಿದ ಸಜ್ಜೆ ಹಿಟ್ಟು ಮತ್ತು ‘ನವಣೆ’ ಕುಕೀಸ್: ನಮ್ಮ ಏರಿಯಾದ ಸಿರಿಧಾನ್ಯ ಅಂಗಡಿ ಹೇಗಿದೆ?

ಸಜ್ಜೆ ಹಿಟ್ಟಿನ ಪ್ಯಾಕೆಟ್ ಬಿಚ್ಚಿದ ಕೂಡಲೇ ಗೊತ್ತಾಯ್ತು. ಕಮಟು. ಹಳೇ ಕೊಬ್ಬರಿ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತಲ್ಲ, ಅದೇ ವಾಸನೆ. ಪ್ಯಾಕೆಟ್ ಮೇಲೆ ಆರು ತಿಂಗಳು ಬಾಳಿಕೆ ಅಂತ ಬರೆದಿತ್ತು, ಆಗಿನ್ನೂ ಮೂರು ತಿಂಗಳೂ ಆಗಿರಲಿಲ್ಲ. ದುಡ್ಡು ಕೊಟ್ಟು ತಂದಿದ್ದೀನಲ್ಲ ಅಂತ ಎರಡು ರೊಟ್ಟಿ ಬಡಿದು ನೋಡಿದೆ. ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕಿಕೊಂಡು ತಿಂದರೂ ಗಂಟಲಲ್ಲಿ ಕಹಿ ಹಾಗೇ ಉಳಿಯಿತು. ಉಳಿದ ಹಿಟ್ಟು ಬೀದಿ ಹಸುವಿನ ಪಾಲು.

ಅಂಗಡಿ ಬೆಂಗಳೂರಿನ ನಮ್ಮ ಏರಿಯಾದ್ದೇ. ಹೆಸರು ಬರೆಯೋದಿಲ್ಲ, ಯಾಕಂದ್ರೆ ಈ ದೂರು ಅವರೊಬ್ಬರ ಮೇಲಿನದ್ದಲ್ಲ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಯ್ತಲ್ಲ, ಆಮೇಲೆ ಇಂಥ ಅಂಗಡಿ ಎಲ್ಲಿ ನೋಡಿದರೂ ಇವೆ. ಮಣ್ಣಿನ ಮಡಿಕೆ, ಸೆಣಬಿನ ಚೀಲ, ಗೋಡೆ ಮೇಲೆ ‘ಲೋ ಫ್ಯಾಟ್, ಹೈ ಫೈಬರ್’ ಅಂತ ಹಸಿರು ಬೋರ್ಡು. ನಾನು ತಂದಿದ್ದು ಸಜ್ಜೆ ಹಿಟ್ಟು, ನವಣೆ ಅಕ್ಕಿ, ಸಾಮೆ ಅಕ್ಕಿ, ನವಣೆ ಕುಕೀಸ್, ಮತ್ತೆ ಒಂದು ರಾಗಿ ಮಿಕ್ಸ್ಚರ್.

ಮೊದಲು ಆ ‘ಲೋ ಫ್ಯಾಟ್’ ಬೋರ್ಡಿನ ವಿಷಯ. ಸಜ್ಜೆಗೆ ಆ ಮಾತು ಒಪ್ಪೋದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೇ ಪಟ್ಟಿ ಪ್ರಕಾರ 100 ಗ್ರಾಂ ಸಜ್ಜೆಯಲ್ಲಿ 5 ಗ್ರಾಂ ಕೊಬ್ಬು ಇದೆ. ಸಾಮೆಯಲ್ಲಿ 4.7, ನವಣೆಯಲ್ಲಿ 4.3. ಜೋಳ 1.9ಕ್ಕೆ ಇಳಿಯುತ್ತದೆ, ರಾಗಿ 1.3ಕ್ಕೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಬರೀ 0.5. ಹೊಸ ಪಟ್ಟಿಯಲ್ಲಿ ಈ ಅಂಕಿ ಸ್ವಲ್ಪ ಆಚೀಚೆ ಆಗಿವೆ, ಆದರೆ ಕಥೆ ಅದೇ: ಅಕ್ಕಿಗಿಂತ ಸಜ್ಜೆಯಲ್ಲಿ ಹತ್ತು ಪಟ್ಟು ಕೊಬ್ಬು. ಅದೇನು ಕೆಟ್ಟದ್ದಲ್ಲ. ಆ ಕೊಬ್ಬು ಬಹುಪಾಲು ಇರೋದು ಕಾಳಿನ ಮೊಳಕೆ ಒಡೆಯೋ ಜಾಗದಲ್ಲಿ, ಸಜ್ಜೆಯಲ್ಲಿ ಆ ಭಾಗ ಕಾಳಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹೆಚ್ಚಿನದು ಸೂರ್ಯಕಾಂತಿ, ಶೇಂಗಾ ಎಣ್ಣೆಯಲ್ಲಿರೋ ಥರದ ಅಪರ್ಯಾಪ್ತ ಕೊಬ್ಬು.

ತೊಂದರೆಯೂ ಅಲ್ಲೇ ಇದೆ. ಕಾಳು ಇಡಿಯಾಗಿ ಇರೋವರೆಗೂ ಕೊಬ್ಬು ಒಂದು ಕಡೆ, ಅದನ್ನು ಒಡೆಯೋ ಲೈಪೇಸ್ ಅನ್ನೋ ಕಿಣ್ವ ಇನ್ನೊಂದು ಕಡೆ. ಗಿರಣಿಯಲ್ಲಿ ಬೀಸಿದ ಕೂಡಲೇ ಎರಡೂ ಬೆರೆಯುತ್ತವೆ, ಗಾಳಿಯೂ ತಾಗುತ್ತದೆ, ಅಲ್ಲಿಂದ ಹಿಟ್ಟು ಕೆಡೋಕೆ ಶುರು. ಕೊಪ್ಪಳದ ಕಡೆಯ ನಮ್ಮಜ್ಜಿಗೆ ಲೈಪೇಸ್ ಗೊತ್ತಿರಲಿಲ್ಲ. ‘ಸಜ್ಜಿ ಹಿಟ್ಟು ಎಂಟು ದಿನದ ಮ್ಯಾಲ ಇಡಬ್ಯಾಡವಾ, ಕಹಿ ಆಕ್ಕೈತಿ’ ಅಂತಿದ್ದಳು, ಅಷ್ಟೇ. ಚಳಿಗಾಲದಲ್ಲಿ ಬೇಕಾದಷ್ಟೇ ಬೀಸಿಸೋದು, ಸಂಕ್ರಾಂತಿ ಭೋಗಿಗೆ ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡಿಯೋದು, ಉಳಿದಿದ್ದನ್ನು ಕಡಕ್ ಮಾಡಿ ಬುಟ್ಟಿಯಲ್ಲಿ ಜೋಡಿಸಿಡೋದು. ಎಂಟು ದಿನದ ಹಿಟ್ಟಿಗೆ ಆರು ತಿಂಗಳ ಗ್ಯಾರಂಟಿ ಕೊಟ್ಟರೆ ಇನ್ನೇನಾಗುತ್ತೆ ಹೇಳಿ. ಬೀಸೋ ಮುಂಚೆ ಕಾಳನ್ನು ಕುದಿಯೋ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ ಚೆನ್ನಾಗಿ ಒಣಗಿಸಿದರೆ ಆ ಕಿಣ್ವದ ಆಟ ಬಹಳಷ್ಟು ನಿಲ್ಲುತ್ತದೆ. ಹಾಗೆ ಮಾಡಿದ ಹಿಟ್ಟು ಅಂತಾದರೆ ಆರು ತಿಂಗಳಲ್ಲದಿದ್ದರೂ ಸ್ವಲ್ಪ ದಿನ ನಂಬಬಹುದು. ಈ ಪ್ಯಾಕೆಟ್ ಮೇಲೆ ಹಾಗೇನೂ ಇರಲಿಲ್ಲ. ಬೀಸಿದ ತಾರೀಕೂ ಇಲ್ಲ, ಪ್ಯಾಕ್ ಮಾಡಿದ ತಾರೀಕು ಮಾತ್ರ.

ಸಾಮೆ ಅಕ್ಕಿ ಬೆಳ್ಳಗೆ, ಮಲ್ಲಿಗೆ ಥರ. ನೋಡೋಕೆ ಚೆಂದ, ಉಪ್ಪಿಟ್ಟೂ ಉದುರುದುರಾಗಿ ಬಂತು. ಆದರೆ ಅಷ್ಟು ಬೆಳ್ಳಗೆ ಬಂದಿದೆ ಅಂದರೆ ಪಾಲಿಶ್ ಆಗಿದೆ ಅಂತಲೇ, ತೌಡಿನ ಜೊತೆ ಆ 4.7ರಲ್ಲಿ ಒಳ್ಳೇ ಪಾಲು ಹೊರಟುಹೋಗಿದೆ. ಅಂಗಡಿಯವರಿಗೆ ಇದರಲ್ಲಿ ಅನುಕೂಲ ಇದೆ: ಕೊಬ್ಬು ಹೋದರೆ ಕಮಟು ಹಿಡಿಯೋದಿಲ್ಲ, ಹುಳವೂ ಬೇಗ ಬರೋದಿಲ್ಲ. ನವಣೆ ಮಾತ್ರ ಚೆನ್ನಾಗಿತ್ತು. ಮಾಸಲು ಹಳದಿ ಬಣ್ಣ, ಅಲ್ಲಲ್ಲಿ ಒಂದೆರಡು ಸಿಪ್ಪೆ ಕಾಳು. ಬೇಯೋಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕಾಯ್ತು. ಇದನ್ನು ಮತ್ತೆ ತರುತ್ತೇನೆ.

ಈಗ ಕುಕೀಸ್. ಇದರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ರುಚಿ ಕೆಟ್ಟದಾಗಿದೆ ಅಂತಲ್ಲ, ರುಚಿ ಭರ್ಜರಿಯಾಗೇ ಇದೆ, ಮಗಳು ಅರ್ಧ ಡಬ್ಬಿ ಒಂದೇ ಸಂಜೆ ಖಾಲಿ ಮಾಡಿದಳು. ಮುಂದೆ ದಪ್ಪ ಅಕ್ಷರದಲ್ಲಿ ‘ನವಣೆ’. ಹಿಂದೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೀಬೇಕು ಅನ್ನೋದು ನಿಯಮ. ಮೊದಲು ಗೋಧಿ ಹಿಟ್ಟು, ಆಮೇಲೆ ನವಣೆ ಶೇಕಡಾ 24, ಅದರ ಬೆನ್ನಿಗೇ ಬೆಲ್ಲ, ತಾಳೆ ಎಣ್ಣೆ. 100 ಗ್ರಾಂ ಕುಕೀಸಲ್ಲಿ ಕೊಬ್ಬು 23 ಗ್ರಾಂ. ಲೆಕ್ಕ ಹಾಕಿ ನೋಡಿ: 24 ಗ್ರಾಂ ನವಣೆಯಿಂದ ಬರೋದು ಹೆಚ್ಚೆಂದರೆ 1 ಗ್ರಾಂ. ಗೋಧಿಯಿಂದ ಇನ್ನೊಂಚೂರು. ಉಳಿದ 21 ಗ್ರಾಂ ಚಿಲ್ಲರೆ ತಾಳೆ ಎಣ್ಣೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬೆಣ್ಣೆ, ತುಪ್ಪದಲ್ಲಿರೋ ಥರದ ಪರ್ಯಾಪ್ತ ಕೊಬ್ಬು. ಮೇಲೆ ‘ಲೋ ಫ್ಯಾಟ್’ ಬೋರ್ಡು ತೂಗ್ತಾ ಇದೆ!

ಈ ಒಂದು ಡಬ್ಬಿಯಲ್ಲಿ ನಮ್ಮ ದೇಶದ ಅರವತ್ತು ವರ್ಷದ ಊಟದ ಕಥೆಯೇ ಕೂತಿದೆ ಅನ್ನಿಸಿತು. ಸಿರಿಧಾನ್ಯದ ಮಾತು ಬಂದಾಗಲೆಲ್ಲ ಒಂದು ಲೆಕ್ಕ ಹೇಳುತ್ತಾರೆ: 1962ರಲ್ಲಿ ತಲೆಗೆ ವರ್ಷಕ್ಕೆ 32.9 ಕಿಲೋ ತಿನ್ನುತ್ತಿದ್ದೆವು, 2010ರ ಹೊತ್ತಿಗೆ ಅದು 4.2 ಕಿಲೋಗೆ ಇಳಿಯಿತು. ದಿನಕ್ಕೆ 90 ಗ್ರಾಂ ಇದ್ದದ್ದು 12 ಗ್ರಾಂ ಕೂಡ ಇಲ್ಲ. ಜೋಳ, ರಾಗಿ, ಸಜ್ಜೆ ಎಲ್ಲ ಸೇರಿ ಶೇಕಡಾ 3 ಕೊಬ್ಬು ಅಂತ ಹಿಡಿಯಿರಿ, ಇದು ನನ್ನ ಅಂದಾಜು. ಆಗ ರೊಟ್ಟಿ, ಮುದ್ದೆಯಿಂದಲೇ ದಿನಕ್ಕೆ ಎರಡೂವರೆ ಗ್ರಾಂ ಮೇಲೆ ಕೊಬ್ಬು ಸಿಗುತ್ತಿತ್ತು. 2010ರ ಲೆಕ್ಕದಲ್ಲಿ ಅರ್ಧ ಗ್ರಾಂ ಕೂಡ ಇಲ್ಲ. ಎರಡು ಗ್ರಾಂ ಏನ್ ಮಹಾ ಅನ್ನಬಹುದು, ಆದರೆ ಅದು ಎಲ್ಲರ ತಲೆಲೆಕ್ಕ. ಸಜ್ಜಿ ರೊಟ್ಟಿಯೇ ಊಟ ಆಗಿದ್ದ ಮನೆಯಲ್ಲಿ, ಒಬ್ಬರು ದಿನಕ್ಕೆ 300 ಗ್ರಾಂ ಹಿಟ್ಟಿನ ರೊಟ್ಟಿ ತಿಂದರೆ 15 ಗ್ರಾಂ ಕೊಬ್ಬು ಅಲ್ಲೇ ಬಂತು, ಒಂದು ಹನಿ ಎಣ್ಣೆ ಹಾಕದೆ. ಹಸಿರು ಕ್ರಾಂತಿ ಬಂತು, ರೇಷನ್ ಅಂಗಡಿಯಲ್ಲಿ ಅಕ್ಕಿ, ಗೋಧಿ ಅಗ್ಗಕ್ಕೆ ಸಿಕ್ಕಿತು. ಅಜ್ಜಿ ಕಾಲದ ಆ ಕಷ್ಟದ ಬಡಿಯೋ ಕೆಲಸ ಯಾರಿಗೆ ಬೇಕು, ಅದನ್ನು ಬಿಟ್ಟದ್ದು ತಪ್ಪು ಅಂತ ನಾನಂತೂ ಹೇಳಲಾರೆ. ಈಗ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದ ಬರುತ್ತದೆ, ಅದರಲ್ಲಿ ತಾಳೆ ಎಣ್ಣೆಯದ್ದೇ ದೊಡ್ಡ ಪಾಲು. ಅದೇ ಎಣ್ಣೆ ನವಣೆ ಹೆಸರಲ್ಲಿ ಡಬ್ಬಿಯೊಳಗೆ ಕೂತು ನಮ್ಮ ಮನೆಗೆ ಬಂತು.

ರಾಗಿ ಮಿಕ್ಸ್ಚರ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಎಣ್ಣೆಯಲ್ಲಿ ಕರಿದದ್ದು ಎಣ್ಣೆಯಲ್ಲಿ ಕರಿದದ್ದೇ. ಮಳೆ ಬರುವಾಗ ಟೀ ಜೊತೆ ತಿನ್ನಿ, ಆರೋಗ್ಯಕ್ಕೆ ಅಂತ ಮಾತ್ರ ತಿನ್ನಬೇಡಿ.

ಅಂಗಡಿಯವರು ಒಳ್ಳೆಯವರೇ. ಹಿಟ್ಟಿನ ವಿಷಯ ಹೇಳಿದ್ದಕ್ಕೆ ಜಗಳ ಮಾಡದೆ ದುಡ್ಡು ವಾಪಸ್ ಕೊಟ್ಟರು. ‘ಮೇಡಂ, ಕಂಪನಿಯಿಂದ ಹಾಗೇ ಬರುತ್ತೆ, ನಾವೇನ್ ಮಾಡೋದು’ ಅಂದರು. ಬೀಸಿದ ತಾರೀಕು ಕೇಳಿ ಬರೆಸಿ ಅಂದೆ, ತಲೆಯಾಡಿಸಿದರು. ನವಣೆಗೆ ಐದಕ್ಕೆ ನಾಲ್ಕೂವರೆ, ಸಾಮೆಗೆ ಎರಡೂವರೆ, ಹಿಟ್ಟಿಗೆ ಸೊನ್ನೆ, ಕುಕೀಸ್ ರುಚಿಗೆ ನಾಲ್ಕು, ಅದರ ಹೆಸರಿಗೆ ಒಂದು.

ಈ ಸಲ ಎರಡು ಕಿಲೋ ಇಡೀ ಸಜ್ಜೆ ಕಾಳು ತಂದಿದ್ದೇನೆ. ಅರ್ಧ ಕಿಲೋ ಮಾತ್ರ ಬೀಸಿಸಿ, ಅದನ್ನೂ ಫ್ರಿಜ್‌ನಲ್ಲಿಟ್ಟೆ. ನಮ್ಮ ಬೀದಿಯ ಗಿರಣಿಯವನು ‘ಅರ್ಧ ಕಿಲೋಗೆಲ್ಲ ಕಲ್ಲು ತೊಳೀಬೇಕಾ’ ಅಂತ ಗೊಣಗಿ ಹತ್ತು ರೂಪಾಯಿ ಜಾಸ್ತಿ ತಗೊಂಡ.